ಮಲಗಿದ ಸೊಪ್ಪಿಗೆ ಊಟ

ಪೇಂಟರಣ್ಣನ ನಿದ್ದೆ ಕದ್ದದ್ದು ಒಂದು ಪಂಪು. ಗಾತ್ರದಲ್ಲಿ ಮುಷ್ಟಿಯಷ್ಟು, ಬಾಯಿ ಮಾತ್ರ ಊರಗಲ. ನೀಲಿ ಪ್ಲಾಸ್ಟಿಕ್ ತೊಟ್ಟಿಯ ತಳದಲ್ಲಿ ಕೂತು, ಹಲ್ಲುಜ್ಜಿದವರು ಬಾಯಿ ಮುಕ್ಕಳಿಸುವ ಹಾಗೆ ರಾತ್ರಿಯಿಡೀ ಗಳಗಳ ಎನ್ನುತ್ತಿತ್ತು. ತೊಟ್ಟಿ ಇದ್ದದ್ದು ಅವನ ಮಲಗುವ ಕೋಣೆಯಲ್ಲಿ, ದಿಂಬಿನಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ.

ಕೋಣೆಯಾದರೂ ಈಗ ಹೆಸರಿಗೆ ಮಾತ್ರ ಮಲಗುವ ಕೋಣೆ. ಒಂದು ಗೋಡೆಗೆ ಆನಿಸಿ ಕಬ್ಬಿಣದ ಸ್ಟ್ಯಾಂಡು. ಅದರ ಅಂತಸ್ತಿಗೊಂದು ಬಿಳಿ ಪೈಪು. ಪೈಪಿನಲ್ಲಿ ಸಾಲಾಗಿ ತೂತು. ಒಂದೊಂದು ತೂತಿನಲ್ಲೂ ಚಹಾ ಲೋಟದಷ್ಟು ಪುಟ್ಟ ಬುಟ್ಟಿ. ಬುಟ್ಟಿಯಲ್ಲಿ ಹಸಿಯಾಗಿ ತಿನ್ನುವ ಲೆಟ್ಯೂಸ್ ಸೊಪ್ಪಿನ ಗಿಡ. ಮಣ್ಣೆಂಬುದು ಹುಡುಕಿದರೂ ಸಿಗದು. ಬೇರುಗಳು ಪೈಪಿನೊಳಗೆ ಹರಿಯುವ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಿದ್ದವು. ಆ ನೀರಿಗೆ ಅಳೆದು ಬೆರೆಸಿದ ಗೊಬ್ಬರದ ದ್ರಾವಣವೇ ಅವುಗಳ ಊಟ. ತಲೆಯ ಮೇಲೆ ಸೂರ್ಯನ ಬದಲು ನೇರಳೆ ಬಣ್ಣದ ದೀಪ. ಹಗಲು ಹೊತ್ತು ಕೋಣೆ ಕಾಯುತ್ತದೆ, ಅದಕ್ಕೆ ದೀಪದ ಬಿಸಿಯೂ ಸೇರಿದರೆ ಸೊಪ್ಪು ಸೊರಗುತ್ತದೆ ಎಂದು ಅವನ ಹೆಂಡತಿ ಅವುಗಳ ಹಗಲನ್ನು ರಾತ್ರಿಗೆ ಬದಲಾಯಿಸಿಬಿಟ್ಟಿದ್ದಳು. ಹೀಗಾಗಿ ಮನುಷ್ಯರು ದಿಂಬಿಗೆ ತಲೆ ಕೊಡುವ ಹೊತ್ತಿಗೆ ಸರಿಯಾಗಿ ಸೊಪ್ಪಿಗೆ ಬೆಳಗಾಗುತ್ತಿತ್ತು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೀದಿಯವರೆಲ್ಲ ನರ್ಸಮ್ಮ ಎನ್ನುತ್ತಿದ್ದರು. ವಾರ್ಡಿನ ದೀಪ, ಗಲಾಟೆ, ನರಳಾಟದ ನಡುವೆ ಕೂತಲ್ಲೇ ಕೋಳಿನಿದ್ದೆ ಮಾಡಿ ಅಭ್ಯಾಸವಾದವಳು. ಅವಳಿಗೆ ಪಂಪಿನ ಗಳಗಳ ಜೋಗುಳದಂತಿತ್ತು. ಪೇಂಟರಣ್ಣನಿಗೆ ಹಾಗಲ್ಲ. ಅವನು ಅಂಗಡಿ ಬೋರ್ಡು ಬರೆಯುವವನು. ಕಣ್ಣು ನೆಟ್ಟಗಿದ್ದರೆ ಅಕ್ಷರ ನೆಟ್ಟಗೆ. ಈಚೆಗೆ ಅವನ ಒತ್ತುಗಳು ಕುಡಿದವರಂತೆ ಪಕ್ಕದ ಅಕ್ಷರದ ಹೆಗಲ ಮೇಲೆ ಒರಗುತ್ತಿದ್ದವು. ವಕೀಲರೊಬ್ಬರ ಬೋರ್ಡಿನಲ್ಲಿ ‘ಉಚಿತ ಸಲಹೆ’ ಎಂದು ಬರೆಯುವ ಬದಲು ತೂಕಡಿಸುತ್ತಾ ‘ಉಚಿತ ಸಲಿಗೆ’ ಎಂದು ಬರೆದು ಬಂದಿದ್ದ. ಅದನ್ನು ಎಲ್ಲರಿಗಿಂತ ಮೊದಲು ಓದಿದವರು ವಕೀಲರ ಹೆಂಡತಿ.

ಹೊರಗೆ ಹಾಲ್‌ನಲ್ಲಿ ಮಲಗೋಣವೆಂದರೆ ಅಲ್ಲಿ ಒಣಗಲು ನಿಲ್ಲಿಸಿದ ಬೋರ್ಡುಗಳು, ಟರ್ಪೆಂಟೈನ್ ವಾಸನೆ. ಹೆಂಡತಿಗೆ ನೇರವಾಗಿ ಹೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಇಡೀ ದಿನ ವಾರ್ಡಿನಲ್ಲಿ ನಿಂತು ಕಾಲು ಊದಿಸಿಕೊಂಡು ಬಂದವಳು, ಚಪ್ಪಲಿ ಬಿಟ್ಟವಳೇ ಆ ಸೊಪ್ಪಿನ ಮುಂದೆ ನಿಂತು ಒಂದೊಂದು ಎಲೆಯನ್ನೂ ಬೆರಳ ತುದಿಯಲ್ಲಿ ಎತ್ತಿ ನೋಡುತ್ತಿದ್ದಳು. ಆಗ ಅವಳ ಮುಖಕ್ಕೆ ಬರುತ್ತಿದ್ದ ಕಳೆಯನ್ನು ಕಂಡು ಗಂಡನ ಮಾತು ಗಂಟಲಿನಿಂದಲೇ ವಾಪಸು ಹೋಗುತ್ತಿತ್ತು.

ಅವನಿಗಿದ್ದದ್ದು ಒಂದೇ ಆಸೆ. ಮೊದಲ ಬೆಳೆ ಹಾಳಾಗಿತ್ತು: ಎಳೆಯ ಸಸಿಗಳಿಗೆ ದೊಡ್ಡವರ ಊಟ ಕೊಟ್ಟು ಬೇರು ಸುಟ್ಟಿತ್ತು. ಎರಡನೆಯದೂ ಹಾಳಾಗಿತ್ತು: ಕೊಯ್ಯುವ ದಿನದವರೆಗೂ ಗೊಬ್ಬರ ಉಣ್ಣಿಸಿ ಸೊಪ್ಪು ಕಷಾಯದಂತೆ ಕಹಿಯಾಗಿತ್ತು. ಮೂರನೆಯದೂ ಹಾಳಾದರೆ ಎಂಥ ಹಟದವಳಿಗೂ ಬೇಸರ ಬಂದೀತು, ಸ್ಟ್ಯಾಂಡು ಗುಜರಿಗೆ ಹೋದೀತು ಎಂದು ಅವನು ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿಕೊಂಡಿದ್ದ.

ಆದರೆ ಮೂರನೆಯ ಬೆಳೆ ಹಾಳಾಗುವ ಲಕ್ಷಣವೇ ಇರಲಿಲ್ಲ. ಈ ಸಲ ನರ್ಸಮ್ಮ ಹೊತ್ತು ಗೊತ್ತು ನೋಡಿ ಊಟ ಕೊಟ್ಟಿದ್ದಳು. ಎಳೆಯದರಲ್ಲಿ ತೆಳುವಾಗಿ, ಬೆಳೆಯುವ ವಯಸ್ಸಿನಲ್ಲಿ ಹೊಟ್ಟೆ ತುಂಬಾ, ದೀಪ ಉರಿಯುವಾಗ ಮಾತ್ರ. ಕೊನೆಯ ಕೆಲವು ದಿನ ಊಟ ಬಂದ್, ಬರೀ ನೀರು. ಒಳಗೆ ಕೂಡಿಟ್ಟುಕೊಂಡದ್ದನ್ನೆಲ್ಲ ಗಿಡ ಆಗ ತಾನೇ ಕರಗಿಸಿಕೊಳ್ಳುತ್ತದಂತೆ. ಕಹಿ ಹೋಗಿ ಎಲೆ ಸಿಹಿಯಾಗುತ್ತದಂತೆ.

ಆ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವಳು ಬಾಗಿಲಲ್ಲೇ ನಿಂತು ಹೇಳಿದಳು, "ರೀ, ಇವತ್ತು ಸಂಜೆ ಕೊಯ್ಯೋದು. ನಮ್ಮ ಮೇಟ್ರನ್ ಮೇಡಂ ರುಚಿ ನೋಡೋಕೆ ಬರ್ತಾರೆ. ಅಲ್ಲಿವರೆಗೂ ತೊಟ್ಟಿಗೆ ಏನೂ ಹಾಕಬೇಡಿ. ದೀಪ ಹಾಕಬೇಡಿ. ಅವು ಮಲಗಿವೆ."

"ನಾನ್ಯಾಕೆ ಹಾಕ್ಲಿ," ಎಂದ ಪೇಂಟರಣ್ಣ.

"ಹಸಿದಿರೋ ಹಾಗೆ ಕಾಣ್ತವೆ, ಪಾಪ ಅನ್ನಿಸತ್ತೆ. ಆಪರೇಷನ್‌ಗೆ ಮುಂಚೆ ರೋಗಿಗೆ ಊಟ ಕೊಡ್ತಾರಾ? ಹಾಗೇ ಇದೂ. ಮನಸ್ಸು ಗಟ್ಟಿ ಮಾಡ್ಕೊಳ್ಳಿ."

"ಮಾಡ್ಕೊಂಡಿದೀನಿ," ಎಂದ. ಸುಳ್ಳೇನೂ ಆಗಿರಲಿಲ್ಲ.

ಅವಳ ಹೆಜ್ಜೆ ಸಪ್ಪಳ ಮೆಟ್ಟಿಲು ಇಳಿದದ್ದೇ ತಡ, ಅವನು ಕೋಣೆಯೊಳಗೆ ಹೋದ. ಕಿಟಕಿಗೆ ದಪ್ಪ ಪರದೆ. ಅರೆಗತ್ತಲಲ್ಲಿ ಸೊಪ್ಪು ಎಣ್ಣೆ ಹಚ್ಚಿ ಬಾಚಿದ ಮಕ್ಕಳಂತೆ ಸಾಲಾಗಿ ನೆಮ್ಮದಿಯಿಂದ ಮಲಗಿತ್ತು. ಆ ನೆಮ್ಮದಿಯೇ ಅವನ ಹೊಟ್ಟೆಗೆ ಕಿಚ್ಚಿಟ್ಟಿತು.

"ನನ್ನ ನಿದ್ದೆ ಕೆಡಿಸಿದೋರು ನೀವು. ಏಳಿ," ಎಂದು ಪಟಕ್ಕನೆ ದೀಪ ಹಾಕಿದ. ಫ್ಯಾನು ಹಾಕಿದ. ಪಂಪಿನ ಸ್ವಿಚ್ಚನ್ನೂ ಒತ್ತಿದ.

ಕಪಾಟಿನ ಮೇಲೆ ಊಟದ ಎರಡು ಬಾಟಲಿಗಳಿದ್ದವು, ಕೆಂಪು ಮುಚ್ಚಳದ್ದೊಂದು, ಹಸಿರು ಮುಚ್ಚಳದ್ದೊಂದು. ಒಂದೊಂದರಿಂದಲೂ ಮುಚ್ಚಳದಲ್ಲಿ ಅಳೆದು, ಒಂದು ನೀರಿನಲ್ಲಿ ಕರಗಿದ ಮೇಲೆ ಇನ್ನೊಂದನ್ನು ಹಾಕಬೇಕು. ಪೇಂಟರಣ್ಣ ಮುಚ್ಚಳವನ್ನು ಬದಿಗಿಟ್ಟು ಬಾಟಲಿಯನ್ನೇ ಬಗ್ಗಿಸಿದ. ಇದು ಅರ್ಧ, ಅದು ಅರ್ಧ. ಪಂಪು ಬಾಯಿ ಮುಕ್ಕಳಿಸುತ್ತಾ ಹಬ್ಬದೂಟವನ್ನು ಮೇಲಕ್ಕೆ ತಳ್ಳತೊಡಗಿತು.

ಇನ್ನೇನು, ಸಂಜೆಯವರೆಗೆ ಕಾಲು ಚಾಚಿ ಮಲಗಬಹುದು ಎಂದುಕೊಳ್ಳುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ಕೆಳಮನೆಯ ಮೇಷ್ಟ್ರು. ಜೀವನವೆಲ್ಲ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಈಗ ಹೇಳಿಸಿಕೊಳ್ಳುವವರಿಲ್ಲದೆ ಚಡಪಡಿಸುತ್ತಿದ್ದರು. ಕೈಯಲ್ಲಿ ಪೆನ್ನಿನಂಥದೊಂದು ಮೀಟರು.

"ನಿಮ್ಮನೆಯವರು ಹೇಳಿ ಹೋಗಿದಾರೆ, ಒಂದ್ಸಲ ನೀರು ನೋಡಿ ಅಂತ. ನೀರಲ್ಲಿ ಉಪ್ಪಿನಂಶ ಎಷ್ಟಿದೆ ಅಂತ ಇದು ಹೇಳತ್ತೆ."

"ಅಯ್ಯೋ ಮೇಷ್ಟ್ರೇ, ಬರೀ ನಲ್ಲಿ ನೀರು. ನೋಡೋದೇನಿದೆ," ಎಂದು ಪೇಂಟರಣ್ಣ ಬಾಗಿಲಿಗೆ ಅಡ್ಡ ನಿಂತ.

"ಬರೀ ನೀರು ಅನ್ನೋದು ಪ್ರಪಂಚದಲ್ಲೇ ಇಲ್ಲಪ್ಪ," ಎನ್ನುತ್ತಾ ಮೇಷ್ಟ್ರು ಅವನ ಕಂಕುಳ ಕೆಳಗಿಂದ ನುಸುಳಿ ಒಳಗೆ ಹೋದರು. ಪೆನ್ನನ್ನು ತೊಟ್ಟಿಗೆ ಅದ್ದಿದರು. ಕನ್ನಡಕ ಹಣೆಗೇರಿಸಿ ಮತ್ತೆ ಅದ್ದಿದರು. ಅವರ ಮುಖ ನೆರೆ ಕಂಡ ಸೇತುವೆ ಕಾವಲುಗಾರನಂತಾಯಿತು.

"ಪೇಂಟರೇ, ಇದು ತೊಟ್ಟಿಯೋ ಸಮುದ್ರವೋ?"

"ಮೀಟರ್ ಕೆಟ್ಟಿರಬೇಕು."

"ಮೀಟರ್ ಕೆಟ್ಟಿಲ್ಲ. ಪೈಪಲ್ಲಿ ಹಳೇ ಗೊಬ್ಬರ ಕಟ್ಕೊಂಡಿದ್ದು ಈಗ ಬಿಟ್ಕೊಂಡಿದೆ. ಕೊನೇ ದಿನ ಇಷ್ಟು ತಿಂದ್ರೆ ಎಲೆ ಅಂಚೆಲ್ಲ ಸುಟ್ಟುಹೋಗತ್ತೆ. ನಾನು ಬಂದಿದ್ದು ಒಳ್ಳೇದಾಯ್ತು. ಎಲ್ಲಿ ಬಕೆಟ್ಟು?"

ಹೀಗೆ, ತಾನೇ ಬಡಿಸಿದ ಊಟವನ್ನು ತಾನೇ ಬಕೆಟ್ಟಿನಲ್ಲಿ ಹೊತ್ತು ಬಚ್ಚಲಿಗೆ ಸುರಿಯುವ ಗತಿ ಪೇಂಟರಣ್ಣನಿಗೆ ಬಂತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಬೇರು ನೀರನ್ನು ಹೇಗೆ ಹೀರುತ್ತದೆ, ಉಪ್ಪು ಹೆಚ್ಚಾದರೆ ನೀರು ಹೇಗೆ ಬೇರಿನಿಂದಲೇ ಹೊರಗೆ ಓಡುತ್ತದೆ ಎಂದು ಆಸ್ಪತ್ರೆಯ ಟೋಕನ್ ಕೂಗುವವರಂತೆ ಏರುದನಿಯಲ್ಲಿ ವಿವರಿಸಿದರು. ತೊಟ್ಟಿ ತೊಳೆದು, ಹೊಸ ನೀರು ತುಂಬಿ, ಪೈಪಿನಲ್ಲಿ ಹರಿಸಿ, ಮತ್ತೆ ಖಾಲಿ ಮಾಡಿ, ಮತ್ತೆ ತುಂಬಿದ್ದಾಯಿತು. ಅಷ್ಟರಲ್ಲಿ ಪೇಂಟರಣ್ಣನ ಸೊಂಟ ಹಳೆಯ ಬಾಗಿಲ ಕೀಲಿನಂತೆ ಕಿರುಗುಟ್ಟುತ್ತಿತ್ತು. ದೀಪವನ್ನೂ ಆರಿಸಿಯೇ ಮೇಷ್ಟ್ರು ಹೊರಟದ್ದು.

"ಮತ್ತೆ ಬಂದು ನೋಡ್ತೀನಿ."

"ಬೇಡ ಮೇಷ್ಟ್ರೇ, ನಿಮಗ್ಯಾಕೆ ತೊಂದರೆ."

"ತೊಂದರೆ ಏನ್ ಬಂತು. ನನಗೂ ಹೊತ್ತು ಹೋಗತ್ತೆ."

ಅವರು ಮೆಟ್ಟಿಲು ಇಳಿಯುವುದನ್ನೇ ಕಾದಿದ್ದ ಪೇಂಟರಣ್ಣ ಮತ್ತೆ ಕೋಣೆಗೆ ನುಗ್ಗಿದ. ಈ ಸಲ ತಾಳ್ಮೆ ಇರಲಿಲ್ಲ. ಎರಡೂ ಬಾಟಲಿಯಲ್ಲಿ ಉಳಿದದ್ದನ್ನು ಒಂದೇ ಚೊಂಬಿಗೆ ಸುರಿದು ತೊಟ್ಟಿಗೆ ಹಾಕಿದ. ಖಾಲಿ ಬಾಟಲಿ ಹೆಂಡತಿಯ ಕಣ್ಣಿಗೆ ಬಿದ್ದರೆ ಕಷ್ಟವೆಂದು ತನ್ನ ಬಣ್ಣದ ಡಬ್ಬಿ ತೆಗೆದು, ನೀರಿಗೆ ಹನಿ ಕಂದು, ಹನಿ ಹಳದಿ ಬೆರೆಸಿ, ಬೆಳಕಿಗೆ ಹಿಡಿದು ನೋಡಿ, ಮೊದಲಿನ ಬಣ್ಣವನ್ನೇ ತಂದು ಬಾಟಲಿ ತುಂಬಿಟ್ಟ. ಬಹಳ ದಿನದ ಮೇಲೆ ಅವನ ಕೈಯಿಂದ ಒಂದು ಕೆಲಸ ತಪ್ಪಿಲ್ಲದೆ ಆಗಿತ್ತು.

ಅದನ್ನು ಮೆಚ್ಚಿಕೊಂಡು ಮುಗಿಸುವ ಮೊದಲೇ ಹಿಂದಿನಿಂದ ಒಂದು ದನಿ ಬಂತು. "ಪೇಂಟರಣ್ಣ, ಇದೇನಿದು ತೊಟ್ಟೀಲಿ ಹಾಲು?"

ಮೇಲ್ಮನೆಯ ಅಕ್ಕ. ನರ್ಸಮ್ಮ ಒಂದು ಬೀಗದ ಕೈಯನ್ನು ಆಕೆಗೆ ಕೊಟ್ಟಿದ್ದಳು, ಯಾವಾಗಲಾದರೂ ಬೇಕಾದೀತು ಎಂದು. ಆಕೆಗೆ ಅದು ಯಾವಾಗಲೂ ಬೇಕಾಗುತ್ತಿತ್ತು.

ಪೇಂಟರಣ್ಣ ತೊಟ್ಟಿಯೊಳಗೆ ಇಣುಕಿದ. ಎರಡು ದ್ರಾವಣಗಳು ನೇರವಾಗಿ ಕೂಡಿ, ಜಗಳವಾಡಿ, ಮೊಸರೊಡೆದಂತೆ ಬೆಳ್ಳಗಾಗಿದ್ದವು.

"ಅದು... ನಲ್ಲಿ ನೀರೇ ಹಾಗೆ ಬಂತು ಅಕ್ಕ."

"ನಾನು ಹೇಳ್ಲಿಲ್ವಾ. ಈ ಬೀದಿ ನೀರು ಸರಿಯಿಲ್ಲ ಅಂತ ಎಷ್ಟು ಸಲ ಹೇಳಿದೀನಿ. ಮೇಷ್ಟ್ರು ಬಂದು ಇದನ್ನ ತುಂಬಿಸಿ ಹೋದ್ರಾ? ಓದಿದ್ದು ಜಾಸ್ತಿ ಆದ್ರೆ ಹೀಗೇ. ತಾಳಿ, ನಮ್ಮನೆ ಫಿಲ್ಟರ್ ನೀರು ತರ್ತೀನಿ."

"ಅಕ್ಕ, ಅಷ್ಟು ನೀರು..."

"ಸೊಪ್ಪು ಕುಡಿಯೋ ನೀರು ಅಲ್ವಾ. ನಿಮ್ಮ ಹೆಂಡ್ತಿ ಮಕ್ಕಳ ಥರ ಸಾಕಿದಾಳೆ."

ಮತ್ತೆ ಬಕೆಟ್ಟು. ಈ ಸಲ ಮೆಟ್ಟಿಲು ಹತ್ತಿ ಇಳಿದು ಹೊರುವ ಕೆಲಸ. ಪ್ರತಿ ಬಕೆಟ್ಟಿಗೂ ಅಕ್ಕ ಒಂದೊಂದು ಮಾತು ಸೇರಿಸುತ್ತಿದ್ದಳು. "ನಮ್ಮ ಯಜಮಾನರು ಒಂದು ಲೋಟ ಎತ್ತಿಡೋರಲ್ಲ. ನೀವು ನೋಡಿ, ಕೆಲಸಕ್ಕೂ ಹೋಗ್ದೆ ಹೆಂಡ್ತಿ ಸೊಪ್ಪು ಕಾಯ್ತಾ ಕೂತಿದೀರಿ. ಕಣ್ಣು ನೋಡಿ, ಎಷ್ಟು ಕೆಂಪಗಾಗಿದೆ. ಪುಣ್ಯವಂತೆ ಅವಳು." ಪೇಂಟರಣ್ಣನಿಗೆ ಆ ಬಕೆಟ್ಟಿನೊಳಗೇ ಮುಖ ಮುಳುಗಿಸಿಕೊಳ್ಳೋಣ ಎನ್ನಿಸಿತು. ಆದರೆ ಇಷ್ಟು ದೂರ ಬಂದ ಮೇಲೆ ಹಿಂದಕ್ಕೆ ಹೋಗುವಂತಿರಲಿಲ್ಲ. ಹಿಂದೆ ಇದ್ದದ್ದು ಬರೀ ನಿದ್ದೆಯಿಲ್ಲದ ರಾತ್ರಿಗಳು.

ಊಟದ ಬಾಟಲಿಗಳಲ್ಲಿ ಈಗ ಇದ್ದದ್ದು ಬರೀ ಬಣ್ಣದ ನೀರು. "ಬ್ರಷ್ಷು ತರಬೇಕು" ಎಂದು ಅಕ್ಕನಿಗೆ ಹೇಳಿ ಅವನು ಬೀಜದಂಗಡಿಗೆ ಓಡಿದ.

ಅಂಗಡಿ ಇನ್ನೂ ಕೂಗಳತೆಯ ದೂರದಲ್ಲಿರುವಾಗ ಯಾರೋ ಅಂಗಿಯ ಕೊರಳುಪಟ್ಟಿ ಹಿಡಿದರು. ತಿರುಗಿದರೆ ಬೀಗ ರಿಪೇರಿಯವನು. ಮೀಸೆಯಲ್ಲೂ ಕಬ್ಬಿಣದ ಪುಡಿ.

"ಬನ್ನಿ ಸ್ವಾಮಿ, ಬನ್ನಿ. ನಿಮ್ಮನ್ನೇ ಹುಡುಕ್ತಿದ್ದೆ. ನನ್ನ ಅಂಗಡಿ ಬೋರ್ಡು ಒಂದ್ಸಲ ಜೋರಾಗಿ ಓದಿ."

ಪೇಂಟರಣ್ಣ ತಲೆಯೆತ್ತಿ ಓದಿದ. ಅಂಗಡಿಯ ನೆತ್ತಿಯ ಮೇಲೆ ಅವನದೇ ದುಂಡನೆಯ ಅಕ್ಷರಗಳಲ್ಲಿ ‘ಇಲ್ಲಿ ಬೀಗರ ರಿಪೇರಿ ಮಾಡಲಾಗುವುದು’ ಎಂದಿತ್ತು.

"ಬೀಗದ ಅಂತ ಬರೀರಿ ಅಂದೆ. ನೀವು ಬೀಗರ ಅಂತ ಬರೆದಿದೀರಿ. ಮಗಳನ್ನ ಕೊಟ್ಟ ಮನೆಯೋರು ನಿನ್ನೆ ಬಂದಿದ್ರು. ಕೆಳಗೆ ನಿಂತು ಓದಿದ್ರು. ಪಕ್ಕದಲ್ಲಿ ಸುತ್ತಿಗೆ, ಅರ, ಇಕ್ಕಳದ ಚಿತ್ರ ಬೇರೆ ಬರೆದಿದೀರಿ. ಒಂದು ಲೋಟ ನೀರೂ ಮುಟ್ಟದೆ ಹೋದ್ರು."

"ನಾಳೆ ಸರಿ ಮಾಡ್ತೀನಿ. ಇವತ್ತು ತುಂಬ ಅರ್ಜೆಂಟು."

"ನಾಳೆ ಬೀಗ್ತಿ ಬರ್ತಾರೆ. ಇವತ್ತೇ ಮಾಡ್ಬೇಕು. ಏಣಿ ಇಟ್ಟಿದೀನಿ."

ಪೇಂಟರಣ್ಣ ಏಣಿ ಹತ್ತಿದ. ಪಕ್ಕದ ಗ್ಯಾರೇಜಿನಿಂದ ಬಣ್ಣ ಬಂತು, ಬ್ರಷ್ಷು ಬಂತು. ಬಿಸಿಲು ನೆತ್ತಿಯ ಮೇಲೆ. ಒಂದು ‘ರ’ವನ್ನು ಅಳಿಸಿ ‘ದ’ ಮಾಡುವುದರಲ್ಲಿ ಮೂರು ಸಲ ತೂಕಡಿಕೆ ಬಂತು. ಪ್ರತಿ ಸಲವೂ ಬೀಗದವನು ಏಣಿಯನ್ನು ಅಲುಗಾಡಿಸಿ ಎಬ್ಬಿಸಿದ. ಬರೆದದ್ದನ್ನು ಬೀದಿಯ ಇಬ್ಬರು ಹಿರಿಯರ ಕೈಲಿ ಓದಿಸಿ, ಒತ್ತು, ಇಳಿ, ಕೊಂಬು ಎಲ್ಲ ಸರಿಯಿದೆ ಎನ್ನಿಸಿದ ಮೇಲೆಯೇ ಅವನನ್ನು ಕೆಳಗೆ ಇಳಿಯಬಿಟ್ಟದ್ದು.

ಬೀಜದಂಗಡಿಯವನು ಮಧ್ಯಾಹ್ನದ ಊಟಕ್ಕೆಂದು ಬಾಗಿಲು ಎಳೆಯುತ್ತಿದ್ದ. ಪೇಂಟರಣ್ಣ ಅರ್ಧ ಎಳೆದ ಷಟರಿನ ಕೆಳಗೆ ತಲೆ ತೂರಿಸಿ, "ಸೊಪ್ಪಿನ ಗೊಬ್ಬರದ ಪುಡಿ, ಇದ್ದದ್ದರಲ್ಲಿ ಖಾರವಾಗಿರೋದು ಕೊಡಿ," ಎಂದ. ಅಂಗಡಿಯವನು ಅವನ ಕೆಂಪು ಕಣ್ಣು ನೋಡಿ ಒಂದು ಪೊಟ್ಟಣ ಕೊಟ್ಟ.

ಪೊಟ್ಟಣವನ್ನು ಅಂಗಿಯೊಳಗೆ ಅಡಗಿಸಿಕೊಂಡು ಮನೆಗೆ ಬಂದರೆ ಹಾಲಿನಲ್ಲಿ ಯುದ್ಧ ನಡೆಯುತ್ತಿತ್ತು.

"ನಾನು ತುಂಬಿಸಿದ ನೀರನ್ನ ಚೆಲ್ಲೋಕೆ ನಿಮಗೆ ಯಾರು ಹೇಳಿದ್ದು?" ಎನ್ನುತ್ತಿದ್ದರು ಮೇಷ್ಟ್ರು.

"ಅದು ನೀರಲ್ಲ, ಸುಣ್ಣದ ತಿಳಿ. ನಾನು ನಮ್ಮನೆ ಫಿಲ್ಟರ್ ನೀರು ಹಾಕಿದೀನಿ," ಎನ್ನುತ್ತಿದ್ದಳು ಅಕ್ಕ.

"ಫಿಲ್ಟರ್ ನೀರಲ್ಲಿ ಸತ್ವವೇ ಇರಲ್ಲ."

"ಸತ್ವ ಬೇಡ ಅಂತಾನೇ ಅಲ್ವಾ ಅವಳು ಉಪವಾಸ ಕೆಡವಿರೋದು."

ಅಕ್ಕನ ಮಾತು ಸರಿಯಾಗಿತ್ತು, ಅದಕ್ಕೇ ಮೇಷ್ಟ್ರಿಗೆ ಇನ್ನಷ್ಟು ಸಿಟ್ಟು ಬಂದಿತ್ತು. ಪೇಂಟರಣ್ಣನಿಗೆ ಮಾತ್ರ ಆ ಜಗಳದ ನಡುವೆಯೇ ಬುದ್ಧಿ ಓಡಿತು.

"ಮೇಷ್ಟ್ರೇ, ಜಗಳ ಯಾಕೆ. ನಿಮ್ಮ ಪೆನ್ನು ತಂದಿದೀರಲ್ಲ, ಈಗಲೇ ಒಂದ್ಸಲ ನೋಡಿಬಿಡಿ. ಕೊನೇ ಸಲ."

ಮೇಷ್ಟ್ರು ನೋಡಿದರು. ನೀರು ತಪಸ್ವಿಯ ಮನಸ್ಸಿನಷ್ಟು ಶುದ್ಧವಾಗಿತ್ತು. ಅಕ್ಕ ಗೆದ್ದಳು. ಇಬ್ಬರೂ ಸಮಾಧಾನದಿಂದ ಹಾಲಿಗೆ ಹೋಗಿ ಕೂತರು. ನರ್ಸಮ್ಮ ಬರುವವರೆಗೆ ಕಾಯುವುದೆಂದು ಇಬ್ಬರೂ ಹಟ ಹಿಡಿದಿದ್ದರು. ಪೇಂಟರಣ್ಣ "ಸ್ವಲ್ಪ ಅಡ್ಡಾಗ್ತೀನಿ" ಎಂದು ಕೋಣೆಯ ಬಾಗಿಲು ಹಾಕಿಕೊಂಡು ಚಿಲಕ ಸರಿಸಿದ.

ದೀಪ, ಫ್ಯಾನು, ಪಂಪು. ಇಡೀ ಪೊಟ್ಟಣದ ಪುಡಿ ತೊಟ್ಟಿಗೆ. ಸಾಲದೆಂದು ಅದೇ ನೀರನ್ನು ಬೋರ್ಡಿಗೆ ಸಿಂಪಡಿಸುವ ಬಾಟಲಿಗೆ ತುಂಬಿಕೊಂಡು ಎಲೆಗಳ ಮೇಲೂ ಸಿಂಪಡಿಸಿದ. ನಂತರ ಅವನಿಗೆ ಬೇರೆ ಕೆಲಸವಿರಲಿಲ್ಲ. ಕೂತ, ಎದ್ದ, ಕಿಟಕಿಯವರೆಗೆ ನಡೆದ, ವಾಪಸು ಬಂದ. ಮಲಗೋಣವೆಂದರೆ ಕಣ್ಣು ಮುಚ್ಚಲಿಲ್ಲ. ಬಾಗಿಲಾಚೆ ಮೇಷ್ಟ್ರು ಕೆಮ್ಮಿದರೆ ಬೆಚ್ಚಿದ. ಅಕ್ಕ ನಕ್ಕರೆ ಬೆಚ್ಚಿದ.

ಹೊತ್ತು ಇಳಿಯುತ್ತಿದ್ದಂತೆ ಸೊಪ್ಪು ಬಾಗತೊಡಗಿತು. ಮೊದಲು ಹೊರಗಿನ ಎಲೆಗಳು, ಅವಮಾನವಾದವರ ಕೈಗಳಂತೆ ಕೆಳಗೆ ಜೋತವು. ಆಮೇಲೆ ನಡುವಿನವು. ಎಳೆಯ ಎಲೆಗಳ ಅಂಚು ಕಂದಿತು. ಇದನ್ನೇ ನೋಡಲು ಬೆಳಿಗ್ಗೆಯಿಂದ ಒದ್ದಾಡಿದ್ದ ಪೇಂಟರಣ್ಣನಿಗೆ ಈಗ ನೋಡಲಾಗಲಿಲ್ಲ. ಹೆಂಡತಿ ಬಂದು, ಚಪ್ಪಲಿ ಬಿಟ್ಟು, ಬೆರಳ ತುದಿಯಲ್ಲಿ ಎಲೆ ಎತ್ತುವುದು ಕಣ್ಣ ಮುಂದೆ ಬಂತು. ಅವನು ತಟ್ಟನೆ ಎದ್ದು ಬಕೆಟ್ಟಿಗೆ ಕೈ ಹಾಕಿದ. ಒಂದು ಸಲ ತೊಳೆದು ಹೊಸ ನೀರು ಹರಿಸಿದರೆ ಇನ್ನೂ ಉಳಿದೀತೇನೋ.

ಆಗಲೇ ಹಾಲಿನಲ್ಲಿ ಅಕ್ಕನ ದನಿ ಕೇಳಿತು, "ಬಂದ್ಲು ನೋಡಿ ನರ್ಸಮ್ಮ. ಬನ್ನಿ ಮೇಡಂ, ಬನ್ನಿ."

ಪೇಂಟರಣ್ಣ ದೀಪ, ಫ್ಯಾನು, ಪಂಪು ಎಲ್ಲ ಆರಿಸಿ ಬಾಗಿಲು ತೆರೆದ.

ಆಸ್ಪತ್ರೆಯ ನರ್ಸುಗಳಿಗೆಲ್ಲ ಹಿರಿಯರಾದ ಮೇಟ್ರನ್ ಮೇಡಂ ಎತ್ತರದ ಹೆಂಗಸು. ನಡೆದರೆ ನೆಲವೇ ಶಿಸ್ತಿಗೆ ಬರುವಂತಿತ್ತು. ನರ್ಸಮ್ಮ ನಗುತ್ತಾ ಕೋಣೆಯ ಪರದೆ ಸರಿಸಿದಳು. ಬೆಳಕು ಬಿದ್ದದ್ದೇ ಅವಳ ನಗು ನಿಂತಿತು. ಇದ್ದುದರಲ್ಲಿ ನೆಟ್ಟಗಿದ್ದ ಒಂದು ಗಿಡವನ್ನು ಕೊಯ್ದು, ಕೊಡವಿ, ತಟ್ಟೆಯಲ್ಲಿಟ್ಟು ಮುಂದೆ ಹಿಡಿದಳು.

ಮೇಡಂ ಒಂದು ಎಲೆ ಬಾಯಿಗಿಟ್ಟರು. ಒಂದು ಸಲ ಅಗಿದರು. ಎರಡನೆಯ ಸಲ ಅಗಿಯಲಿಲ್ಲ. ಕೈವಸ್ತ್ರ ತೆಗೆದು ಬಾಯಿಗೆ ಹಿಡಿದು ಕಿಟಕಿಯ ಕಡೆ ತಿರುಗಿದರು.

"ಭೇದಿ ಔಷಧಿ ಹೀಗೇ ಇರತ್ತೆ," ಎಂದರು, ಬಾಯಿ ಒರೆಸಿಕೊಂಡು.

"ಮಧ್ಯಾಹ್ನ ನಾನು ನೋಡಿದಾಗ ನೀರು ಶುದ್ಧವಾಗಿತ್ತು," ಎಂದರು ಮೇಷ್ಟ್ರು.

"ಬೆಳಿಗ್ಗೆ ನೀವು ಸುಣ್ಣದ ನೀರು ತುಂಬಿಸಿದ್ದು ಏನಾಯ್ತು?" ಎಂದಳು ಅಕ್ಕ. "ಸೊಪ್ಪು ಒಂದು ಗುಟುಕು ಕುಡಿದ್ರೂ ಕುಡಿದ ಹಾಗೇ. ಪಾಪ ಪೇಂಟರಣ್ಣ, ಬೆಳಿಗ್ಗೆಯಿಂದ ಬಕೆಟ್ ಹೊತ್ತು ಹೊತ್ತು ಸೊಂಟ ಮುರ್ಕೊಂಡ್ರು. ಈ ಸೊಪ್ಪಿಗೆ ನಿಯತ್ತಾಗಿ ದುಡಿದಿದ್ದು ಅಂದ್ರೆ ಇವರೊಬ್ಬರೇ."

ನರ್ಸಮ್ಮ ಗಂಡನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಅವನು ಗೋಡೆಯನ್ನು ನೋಡಿದ.

"ಹೋಗಲಿ ಬಿಡೇ," ಎಂದ, ತಾನು ಇಡೀ ದಿನ ಹೇಳಲು ಕಾದಿದ್ದ ಮಾತನ್ನು ಆದಷ್ಟು ಮೆತ್ತಗೆ ಮಾಡಿ. "ಮೂರು ಸಲ ಆಯ್ತು. ಎಲ್ಲಾ ಎಲ್ಲರಿಗೂ ಒಲಿಯಲ್ಲ. ಇದನ್ನೆಲ್ಲ ತೆಗೆದುಬಿಡೋಣ."

"ತೆಗೀಬೇಕು ಅಂತಾನೇ ಇತ್ತು ಕಣ್ರೀ," ಎಂದಳು ಅವಳು. "ಇವತ್ತೇ."

ಪೇಂಟರಣ್ಣನಿಗೆ ಅರ್ಥವಾಗಲಿಲ್ಲ.

"ನಿಮಗೆ ಹೇಳಿರ್ಲಿಲ್ಲ. ಸಂಜೆ ಒಂದೇ ಸಲ ಹೇಳಿ ಖುಷಿಪಡಿಸೋಣ ಅಂತ. ನಿಮಗೆ ರಾತ್ರಿ ನಿದ್ದೆ ಇಲ್ಲ ಅಂತ ನನಗೆ ಗೊತ್ತಿಲ್ವಾ? ನೀವು ಬಾಯಿಬಿಟ್ಟು ಹೇಳಲ್ಲ, ಆದ್ರೆ ಮಗ್ಗುಲು ಬದಲಾಯಿಸೋದು ಗೊತ್ತಾಗತ್ತೆ. ಅದಕ್ಕೇ ಮೇಡಂನ ಬೇಡ್ಕೊಂಡೆ. ಆಸ್ಪತ್ರೇಲಿ ಒಂದು ಕೋಣೆ ಖಾಲಿ ಇದೆ. ಈ ಬೆಳೆ ಚೆನ್ನಾಗಿ ಬಂದ್ರೆ ಸ್ಟ್ಯಾಂಡು, ದೀಪ, ತೊಟ್ಟಿ ಎಲ್ಲಾ ಅಲ್ಲಿಗೇ ಸಾಗಿಸೋದು, ರೋಗಿಗಳ ಅಡುಗೆಮನೆಗೆ ಅಲ್ಲೇ ಸೊಪ್ಪು ಬೆಳೆಯೋದು ಅಂತ ಮಾತಾಗಿತ್ತು. ವ್ಯಾನು ಕೂಡ ಬಂದಿದೆ."

ಪೇಂಟರಣ್ಣ ಕಿಟಕಿಯಿಂದ ಕೆಳಗೆ ನೋಡಿದ. ಆಸ್ಪತ್ರೆಯ ವ್ಯಾನು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಇಬ್ಬರು ಆಳುಗಳು ಹೆಗಲ ಮೇಲೆ ಹಗ್ಗ ಹಾಕಿಕೊಂಡು ಕಾಯುತ್ತಿದ್ದರು.

"ಮೇಡಂ," ಎಂದ ಅವನು, ನಾಲಿಗೆ ತೊದಲಿ. "ಸೊಪ್ಪು ಚೆನ್ನಾಗೇ ಇತ್ತು. ಬೆಳಿಗ್ಗೆ ಚೆನ್ನಾಗಿತ್ತು. ನನ್ನ ಮಾತು ನಂಬಿ. ಇವತ್ತು ತಗೊಂಡು ಹೋಗಿ."

"ನಿಮ್ಮ ಕಾಳಜಿ ಅರ್ಥ ಆಗತ್ತೆ," ಎಂದರು ಮೇಡಂ. "ಆದ್ರೆ ರೋಗಿಗಳ ವಿಷಯ. ಒಂದು ಸಲನಾದ್ರೂ ಸರಿಯಾಗಿ ಬೆಳೆದು ತೋರಿಸಲಿ, ಆಮೇಲೆ ನೋಡೋಣ. ಆತುರ ಇಲ್ಲ."

ಹೇಗೆ ಕೆಟ್ಟಿತು ಎಂದು ಹೇಳಿಬಿಟ್ಟರೆ ಸ್ಟ್ಯಾಂಡು ಹೋಗುತ್ತದೆ. ಆದರೆ ಹೇಳಿದ ಮೇಲೆ ಈ ಮನೆಯಲ್ಲಿ ತನಗೆ ನಿದ್ದೆ ಬಿಡಿ, ಊಟ ಹಾಕುವವರೂ ಇರುವುದಿಲ್ಲ. ಪೇಂಟರಣ್ಣ ಬಾಯಿ ತೆರೆದ. ಹೆಂಡತಿ ಆರ್ದ್ರವಾಗಿ ಅವನ ಕೈ ಹಿಡಿದುಕೊಂಡಳು. ಅವನು ಬಾಯಿ ಮುಚ್ಚಿದ.

"ತಪ್ಪು ಎಲ್ಲಿ ಅಂತ ಕಂಡುಹಿಡೀಬೇಕು," ಎಂದರು ಮೇಷ್ಟ್ರು, ಕಣ್ಣಲ್ಲಿ ಹಳೆಯ ತರಗತಿಯ ಹೊಳಪು. "ಒಂದೇ ಸ್ಟ್ಯಾಂಡು ಇದ್ರೆ ಗೊತ್ತಾಗಲ್ಲಮ್ಮ. ಎರಡು ಬೇಕು. ಒಂದಕ್ಕೆ ರಾತ್ರಿ ದೀಪ, ರಾತ್ರಿ ಊಟ. ಇನ್ನೊಂದಕ್ಕೆ ಹಗಲು ದೀಪ, ಹಗಲು ಊಟ. ಕಿಟಕಿ ಪಕ್ಕ ಇಟ್ಟು ಫ್ಯಾನ್ ಹಾಕಿದ್ರೆ ಸೆಕೆ ತಡೆಯತ್ತೆ. ಜೊತೆಜೊತೆಗೆ ಬೆಳೆಸಿ ನೋಡಿದ್ರೆ ಯಾವ ಹೊತ್ತಿನ ಊಟ ಸರಿ ಅಂತ ತಿಳಿಯತ್ತೆ. ನನ್ನ ಹತ್ರ ಹಳೇ ಸ್ಟ್ಯಾಂಡು ಒಂದಿದೆ, ಕೊಡ್ತೀನಿ."

ನರ್ಸಮ್ಮ ಕಣ್ಣೊರೆಸಿಕೊಂಡಳು. ಅವಳ ಮುಖಕ್ಕೆ ಮೆಲ್ಲಗೆ ಕಳೆ ವಾಪಸು ಬಂತು. "ಜಾಗ ಬೇಕಲ್ಲ ಮೇಷ್ಟ್ರೇ," ಎಂದು ಕೋಣೆಯ ಸುತ್ತ ಕಣ್ಣಾಡಿಸಿದಳು. ಅವಳ ಕಣ್ಣು ಮಂಚದ ಮೇಲೆ ಬಂದು ನಿಂತಿತು.

"ನಮ್ಮ ನರ್ಸ್ ಹಾಸ್ಟೆಲಲ್ಲಿ ಒಂದು ಮಂಚ ಕಮ್ಮಿ ಇದೆ," ಎಂದರು ಮೇಡಂ. "ವ್ಯಾನ್ ಹೇಗೂ ಬಂದಿದೆ. ಖಾಲಿ ಯಾಕೆ ಹೋಗಬೇಕು."

ಆಳುಗಳು ಮೇಲೆ ಬಂದರು. ಅಕ್ಕ ಹಾಸಿಗೆ ಸುತ್ತಿದಳು. ಮೇಷ್ಟ್ರು ಬಾಗಿಲಿನ ಅಗಲವನ್ನು ಗೇಣಿನಲ್ಲಿ ಅಳೆದು, ಮಂಚವನ್ನು ಯಾವ ಓರೆಯಲ್ಲಿ ಹೊರಗೆ ತೆಗೆಯಬೇಕು ಎಂದು ಹೇಳಿಕೊಟ್ಟರು.

"ನೀವೇನೂ ಯೋಚನೆ ಮಾಡಬೇಡಿ ಕಣ್ರೀ," ಎಂದಳು ನರ್ಸಮ್ಮ. "ಈ ಗೋಡೆಗೊಂದು, ಆ ಗೋಡೆಗೊಂದು ಇಟ್ಟರೂ ನಡುವೆ ಒಂದು ಚಾಪೆಗೆ ಜಾಗ ಇರತ್ತೆ. ಒಂದು ದೀಪ ಆರಿದಾಗ ಇನ್ನೊಂದು ಹತ್ತತ್ತೆ, ಕತ್ತಲೇ ಆಗಲ್ಲ. ಬೇಕಾದ್ರೆ ನೀವು ಅಲ್ಲೇ ಕೂತು ಬೋರ್ಡು ಬರೀಬಹುದು."

ಅಷ್ಟರಲ್ಲಿ ಮಂಚ ಬಾಗಿಲಿನಲ್ಲಿ ಸಿಕ್ಕಿಕೊಂಡಿತ್ತು.

"ಸಾರ್," ಎಂದ ಒಬ್ಬ ಆಳು ಉಸಿರು ಬಿಡುತ್ತಾ, "ಸ್ವಲ್ಪ ಆ ಕಡೆ ಕಾಲು ಎತ್ಕೊಡ್ತೀರಾ?"

ಪೇಂಟರಣ್ಣ ಹೋಗಿ ಎತ್ತಿಕೊಟ್ಟ.